ಮೈಲುತುತ್ತ ಬೆರೆಸಿದ ಅಂಟು

ಅಂಗಡಿಯ ಮೇಲಿನ ಕೋಣೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಕಣ್ಣಿನ ಆಪರೇಷನ್ ಆದಮೇಲೆ ಬೆಳಕು ಚುಚ್ಚುತ್ತದೆ ಎಂದು ಬರೆಸಿದ್ದಿರಿ, ಈಗ ಕಡಿಮೆಯಾಗಿದೆಯೇ? ಹನಿ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ, ಉಜ್ಜಿಕೊಳ್ಳಬೇಡಿ. ನನ್ನ ಕಾಗದಗಳನ್ನು ತಮ್ಮನ ಹೆಂಡತಿ ಊಟದ ಹೊತ್ತಿಗೆ ಎಲ್ಲರ ಮುಂದೆ ಜೋರಾಗಿ ಓದುತ್ತಾಳೆಂದು ನನಗೆ ಗೊತ್ತು. ಇದನ್ನೂ ಹಾಗೆಯೇ ಓದಲಿ, ಒಂದು ಸಾಲೂ ಬಿಡುವುದು ಬೇಡ. ಇಲ್ಲಿ ಇವರು ಆರೋಗ್ಯವಾಗಿದ್ದಾರೆ, ಬಸ್ಸು ಓಡಿಸಿ ಓಡಿಸಿ ಬಲಭುಜ ಹಿಡಿದುಕೊಂಡಿದೆ ಅಷ್ಟೆ. ನಾನಂತೂ ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಇದ್ದದ್ದೇ ಇಲ್ಲ.

ನಿಮ್ಮ ಮೊಮ್ಮಗಳ ಐದನೇ ತರಗತಿ ಇನ್ನು ಮೂರು ವಾರಕ್ಕೆ ಮುಗಿಯುತ್ತದೆ. ಆಮೇಲೆ ಅವಳನ್ನು ಅಂಗಡಿಯಲ್ಲಿ ಕೂರಿಸು, ಬೈಂಡಿಂಗ್ ಕೆಲಸಕ್ಕೆ ಐದನೇ ಕ್ಲಾಸು ಧಾರಾಳ, ಅದಕ್ಕೆ ನೀನೇ ಸಾಕ್ಷಿ ಎಂದು ಕಳೆದ ಸಲ ಬರೆಸಿದ್ದಿರಿ. ಸಾಕ್ಷಿಯ ವಿಷಯ ನೀವಾಗಿಯೇ ಎತ್ತಿದ್ದು ಒಳ್ಳೆಯದಾಯಿತು. ಅದಕ್ಕೇ ಈ ಕಾಗದ ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡಿ.

ಈ ವರ್ಷ ಹೇಗಿರುತ್ತದೆಂದು ಜೂನ್ ತಿಂಗಳಲ್ಲೇ ನಮಗೆ ಹೇಳಿಬಿಟ್ಟಿದ್ದರು. ತಂದೆತಾಯಿಯರನ್ನೆಲ್ಲ ಕರೆದು ಮಕ್ಕಳ ಪುಟ್ಟ ಬೆಂಚುಗಳಲ್ಲೇ ಕೂರಿಸಿದರು, ನನ್ನ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಹೇಳಿದವರು ಯಾರೆಂದುಕೊಂಡಿರಿ? ನನ್ನ ಐದನೇ ತರಗತಿಯ ಟೀಚರೇ. ನಾನು ಶಾಲೆ ಬಿಟ್ಟ ಬೇಸಿಗೆಯಲ್ಲೇ ವರ್ಗವಾಗಿ ಹೋಗಿದ್ದವರು ನಾಲ್ಕು ವರ್ಷದ ಹಿಂದೆ ಮರಳಿ ಬಂದಿದ್ದಾರೆ, ಕೂದಲೆಲ್ಲ ಬೆಳ್ಳಗಾಗಿದೆ. "ಈ ವರ್ಷ ನಿಮ್ಮ ಮಕ್ಕಳು ನಿಮ್ಮನ್ನ ಸ್ವಲ್ಪ ದೂರ ಇಡ್ತಾರೆ, ಬೇಜಾರು ಮಾಡ್ಕೋಬೇಡಿ. ಬ್ಯಾಗು ಅವರೇ ಹೊರಲಿ, ಮರೆತು ಬಂದ್ರೆ ನೀವು ಹಿಂದಿಂದ ಓಡಿ ಬರ್ಬೇಡಿ. ಗೆಳೆಯರು ಬೇರೆ ಬೇರೆ ಶಾಲೆಗೆ ಹೋಗ್ತಾರೆ, ಅದಕ್ಕೆ ಅಳ್ತಾರೆ, ಅಳಲಿ. ಕೊನೇಲಿ ಒಬ್ಬೊಬ್ಬರ ಬಗ್ಗೆ ನಾನೊಂದು ಪುಟ ಬರೀತೀನಿ. ಅದನ್ನ ಮಾತ್ರ ನೀವೇ ಓದಿ, ಬೇರೆಯವರು ಹೇಳಿದ್ದು ಕೇಳಿ ಸಹಿ ಹಾಕ್ಬೇಡಿ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಯಾಕೆಂದು ನಿಮಗೆ ನೆನಪು ಮಾಡಬೇಕೇ? ನನಗೆ ಹತ್ತು ವರ್ಷವಾಗಿದ್ದಾಗ ಅಂಟಿನ ಬಕೆಟ್ಟು ನನ್ನ ಕೈಗೆ ಕೊಟ್ಟು, "ನಿನ್ನ ಟೀಚರ್ರೇ ಬರ್ದಿದಾರೆ ಕಣೇ, ಈ ಹುಡುಗಿ ತಲೆಗೆ ಓದು ಹತ್ತಲ್ಲ ಅಂತ. ನಾನೇನ್ ಮಾಡ್ಲಿ ಹೇಳು?" ಎಂದಿರಿ. ಅಂದಿನಿಂದ ಆ ಹೆಂಗಸಿನ ಮೇಲೆ ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡೇ ಬದುಕಿದೆ. ಅವರು ಮರಳಿ ಬಂದಮೇಲೆ ಸೇಡು ತೀರಿಸಿಕೊಳ್ಳದೆಯೂ ಬಿಡಲಿಲ್ಲ. ಶಾಲೆಯ ಹಾಜರಿ ಪುಸ್ತಕಗಳನ್ನು ಹೊಲಿಯುವವಳು ನಾನೇ ಅಲ್ಲವೇ? ಪ್ರತಿ ವರ್ಷ ಅವರ ಪುಸ್ತಕದಲ್ಲಿ ಮಾತ್ರ ಸೆಪ್ಟೆಂಬರ್ ತಿಂಗಳ ಹಾಳೆಗಳನ್ನು ಬೇಕೆಂದೇ ತಲೆಕೆಳಗು ಮಾಡಿ ಹೊಲಿದೆ. ಅವರು ತಿಂಗಳಿಡೀ ಪುಸ್ತಕ ತಿರುಗಿಸಿ ಹಿಡಿದು ಹಾಜರಿ ಹಾಕುತ್ತಾರೆಂದು ಮಗಳು ಮನೆಗೆ ಬಂದು ಹೇಳಿದಾಗ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಿದ್ದೇನೆ. ದೂರು ಮಾತ್ರ ಒಂದು ಸಲವೂ ಬರಲಿಲ್ಲ.

ವರ್ಷ ಅವರು ಹೇಳಿದಂತೆಯೇ ನಡೆಯಿತು, ಅದು ಇನ್ನೂ ಉರಿಸಿತು. ಮಗಳು ಗೇಟಿನ ಹತ್ತಿರ ಕೈ ಬಿಡಿಸಿಕೊಳ್ಳುತ್ತಾಳೆ. "ಅಮ್ಮಾ, ಅಂಟು ಮೆತ್ತಿದ ಏಪ್ರನ್ ಹಾಕ್ಕೊಂಡು ಶಾಲೆ ಹತ್ರ ಬರ್ಬೇಡ" ಎನ್ನುತ್ತಾಳೆ. ಲೆಕ್ಕ ಹೇಳಿಕೊಡಲು ಹೋದರೆ ನನಗೆ ಬರದ ಲೆಕ್ಕ, ಅವಳು ನನ್ನ ಮುಖ ನೋಡಿ ಪುಸ್ತಕ ಮಡಚಿ, ಇರಲಿ ಬಿಡಮ್ಮ ಎಂದು ಎದ್ದು ಹೋಗುತ್ತಾಳೆ. ಆ 'ಇರಲಿ ಬಿಡಮ್ಮ' ನನಗೆ ಎಲ್ಲಿ ತಾಗಿತೆಂದು ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ. ಜನವರಿಯಲ್ಲಿ ಒಂದು ದಿನ ಗೆಳತಿ ಬೇರೆ ಶಾಲೆಗೆ ಹೋಗುತ್ತಾಳೆಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಅಳಲಿ ಎಂದು ಬಿಟ್ಟೆ, ಆಮೇಲೆ ಪಕ್ಕದಲ್ಲಿ ಹೋಗಿ ಕೂತೆ.

ಹೋದ ತಿಂಗಳು ಶಾಲೆಯವರು ಹಳೆಯ ದಾಖಲೆ ಪುಸ್ತಕಗಳನ್ನು ಕಳಿಸಿದರು, ಬೆನ್ನು ಬಿಚ್ಚಿಹೋಗಿದೆ, ಹೊಸದಾಗಿ ಹೊಲಿದು ಕೊಡಿ ಎಂದು. ಅದರಲ್ಲಿ ನನ್ನ ವರ್ಷದ್ದೂ ಇತ್ತು. ಕೆಂಪು ಬಟ್ಟೆಯ ಬೆನ್ನು, ನಿಮ್ಮದೇ ಕೈಕೆಲಸ. ಒಂದೊಂದು ಮಗುವಿಗೂ ಎದುರುಬದುರು ಎರಡು ಪುಟ, ಎಡಕ್ಕೆ ಅಂಕಗಳು, ಬಲಕ್ಕೆ ಟೀಚರ ಮಾತು. ನನ್ನ ಪುಟ ಹುಡುಕಿದೆ, ಇಲ್ಲ. ಹರಿದ ಗುರುತೂ ಇಲ್ಲ. ಹಾಳೆ ಎಣಿಸುತ್ತಾ ಹೋದಾಗ ಒಂದು ಹಾಳೆ ಬೆರಳಿಗೆ ದಪ್ಪ ಸಿಕ್ಕಿತು. ಕಣ್ಣು ಮೋಸ ಹೋಗುತ್ತದೆ, ಹೆಬ್ಬೆರಳು ಹೋಗುವುದಿಲ್ಲ ಎಂದು ಕಲಿಸಿದವರು ನೀವೇ ಅಪ್ಪಾ. ಕೆಟಲ್ ಇಟ್ಟು ಆವಿ ಹಿಡಿದೆ, ತೆಳು ಚಾಕು ಆಡಿಸಿದೆ, ಎರಡು ಪುಟ ನಿಧಾನವಾಗಿ ಬಿಟ್ಟುಕೊಂಡವು. ಅಂಚಿನ ಅಂಟಿನಲ್ಲಿ ತಿಳಿನೀಲಿ ಬಣ್ಣ. ಹುಳು ಬೀಳದಿರಲಿ ಎಂದು ಅಂಟಿಗೆ ಮೈಲುತುತ್ತ ಬೆರೆಸುವವರು ಈ ಊರಲ್ಲಿ ನೀವೊಬ್ಬರೇ. ಇಷ್ಟು ವರ್ಷವಾದರೂ ಒಂದು ಹುಳು ಮುಟ್ಟಿಲ್ಲ, ಕೆಲಸ ಅಂದರೆ ಕೆಲಸ.

ತಮ್ಮನ ಹೆಂಡತಿ ಬೇಕಿದ್ದರೆ ಒಂದು ಲೋಟ ನೀರು ಕುಡಿದು ಮುಂದೆ ಓದಲಿ. ಪುಟದಲ್ಲಿ ಹೀಗಿದೆ: ಗಣಿತ ನೂರಕ್ಕೆ ತೊಂಬತ್ತಾರು. ಭಾಷೆ ತೊಂಬತ್ತೊಂದು. "ಈ ತರಗತಿಯ ಅತ್ಯಂತ ಚುರುಕಾದ ಮಗು. ದೊಡ್ಡ ಶಾಲೆಗೆ ಇವಳ ಹೆಸರನ್ನು ಮೊದಲು ಕಳುಹಿಸಬೇಕು." ಕಚೇರಿಯವರು ದೊಡ್ಡ ಶಾಲೆಗೆ ಹೆಸರು ಕಳಿಸುತ್ತಿದ್ದದ್ದು ಈ ಪುಸ್ತಕ ನೋಡಿಯೇ. ಬೈಂಡಿಂಗಿಗೆ ಬಂದಾಗ ನೀವು ಓದಿದ್ದೀರಿ. ಹರಿದರೆ ಸಿಕ್ಕಿಬೀಳುತ್ತೀರಿ, ಬಿಟ್ಟರೆ ಅಂಗಡಿಗೆ ಕೈ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಟಿಸಿಬಿಟ್ಟಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ನನಗೆ ದಿನಾ ಹೇಳುತ್ತಿದ್ದಿರಿ. ಕೆಸರಾದದ್ದು ನನ್ನ ಕೈ, ಮೊಸರು ಹೋದದ್ದು ತಮ್ಮನ ಬಾಯಿಗೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಆಗ ತೊಟ್ಟಿಲಲ್ಲಿದ್ದ. ಆದರೆ ಊಟದ ಮೇಜಿನಲ್ಲಿ ಅವನೂ ಇದನ್ನು ಕೇಳಲಿ, ಅವನ ಮಕ್ಕಳೂ ಕೇಳಲಿ.

ಪುಸ್ತಕವನ್ನು ಟೀಚರಿಗೆ ತೋರಿಸಿದೆ. "ಎಲ್ಲಿದ್ರೂ ಒಂದು ಕಾಗದ ಹಾಕಿ ಕೇಳ್ಬೇಕಿತ್ತು ನಾನು. ನಿನಗೇ ಓದೋ ಇಷ್ಟ ಇರ್ಲಿಲ್ಲ ಅಂದ್ಕೊಂಡೆ" ಎಂದರು. ಸೆಪ್ಟೆಂಬರ್ ವಿಷಯವನ್ನೂ ಹೇಳಿಬಿಟ್ಟೆ. ಅವರಿಗೆ ಗೊತ್ತಿತ್ತು, ಆದರೆ ಕೈತಪ್ಪು ಎಂದುಕೊಂಡಿದ್ದರಂತೆ. "ಹೇಳಿದ್ರೆ ನಿಮ್ಮಪ್ಪ ನಿನ್ನ ಬೈತಾರೇನೋ ಅಂತ ಸುಮ್ನಿದ್ದೆ" ಎಂದರು. ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ತಪ್ಪು ಮನೆಯ ಬಾಗಿಲಿಗೆ ಇಷ್ಟು ವರ್ಷ ಕಲ್ಲು ಹೊಡೆದಿದ್ದೇನೆ ಅಪ್ಪಾ. ಆ ನಾಲ್ಕು ಪುಸ್ತಕಗಳನ್ನೂ ಬಿಚ್ಚಿ ನೆಟ್ಟಗೆ ಹೊಲಿದು ಕೊಟ್ಟಾಯಿತು.

ನಿಮಗೆ ಕ್ಷಮೆ ಇಲ್ಲ. ವಯಸ್ಸಾಗಿದೆ, ಕಣ್ಣು ಸರಿಯಿಲ್ಲ, ಬಡತನವಿತ್ತು ಎಂದು ಇವರು ನಿಮ್ಮ ಪರವಾಗಿ ಹೇಳಿ ನೋಡಿದರು. ಎಲ್ಲವೂ ನಿಜ. ಆದರೂ ಇಲ್ಲ. ನಿಮ್ಮ ಪತ್ರ ಬಂದರೆ ಓದುತ್ತೇನೆ, ಉತ್ತರ ಬರೆಯುವುದು ನನ್ನಿಷ್ಟ. ಮೊಮ್ಮಗಳ ಪುಟ ಮೊನ್ನೆ ಬಂತು, ನಾನೇ ಕೂತು ಎರಡು ಸಲ ಓದಿದೆ, ದೊಡ್ಡ ಶಾಲೆಯ ಅರ್ಜಿ ಹೋಗಿದೆ. ಮನೆಯಲ್ಲಿ ಎಲ್ಲರನ್ನೂ ಕೇಳಿದ್ದೇನೆಂದು ತಿಳಿಸಿ, ತಮ್ಮನ ಮಕ್ಕಳಿಗೆ ಅತ್ತೆಯ ಮುತ್ತು. ನಿಮ್ಮ ಕಣ್ಣು ಪೂರ್ತಿ ವಾಸಿಯಾಗಲಿ, ಇದನ್ನು ಒಮ್ಮೆ ನೀವೇ ಓದುವಷ್ಟು.

ಇಂತಿ,
ನಿಮ್ಮ ಚುರುಕಾದ ಮಗಳು

ಮರೆತಿದ್ದೆ: ಲಕೋಟೆಯಲ್ಲಿ ಕೈಗೆ ಗಟ್ಟಿಯಾಗಿ ಸಿಗುವುದು ಅಂಗಡಿಯ ಬೀಗದ ಕೈ. ಒಂದನೇ ತಾರೀಖಿನಿಂದ ನಾನು ಬಾಗಿಲು ತೆಗೆಯುವುದಿಲ್ಲ, ಬೇಕಿದ್ದರೆ ನೀವು ಬಂದು ತೆಗೆಯಿರಿ. ಬೆಳಗ್ಗೆ ಶಾಲೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕ ಸರಿಮಾಡುವ ಕೆಲಸ ಸಿಕ್ಕಿದೆ. ಸಂಜೆ ದೊಡ್ಡವರ ಶಾಲೆ, ಟೀಚರೇ ನನ್ನ ಹೆಸರು ಬರೆಸಿದ್ದಾರೆ, ಆರನೇ ತರಗತಿ. ಅದಕ್ಕೂ ಮಕ್ಕಳ ಅರ್ಜಿ ನಮೂನೆಯೇ, ಕೆಳಗೆ 'ಪೋಷಕರ ಸಹಿ' ಎಂದು ಜಾಗ ಬಿಟ್ಟಿತ್ತು. ಖಾಲಿ ಬಿಡಬಾರದಂತೆ. ನಿಮ್ಮನ್ನು ಕೇಳಲಿಲ್ಲ. ಮಗಳು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಸಹಿ ಹಾಕಿದಳು.