ಅಕ್ಕು ಮಾತಾಡಿದಳು

ಅಪ್ಪಾ,

ನೀವು ತೀರಿಹೋಗಿ ವರ್ಷವಾದರೂ ಇದನ್ನು ಮೊದಲು ನಿಮಗೇ ಹೇಳಬೇಕು. ಇವತ್ತು ಅಕ್ಕು ಮಾತಾಡಿದಳು!

ಯಾರೋ ಮನೆಗೆಲಸಕ್ಕೆ ಮಾರಿದ್ದ ಹುಡುಗಿ ಅವಳು. ಪೊಲೀಸರು ಕೂಳೂರಿನಿಂದ ಬಿಡಿಸಿ ತಂದಿದ್ದರು. ಠಾಣೆಯಲ್ಲಿ ಎಷ್ಟು ಕೇಳಿದರೂ ತುಟಿ ಬಿಚ್ಚಿರಲಿಲ್ಲ. ಇಂಥ ಮಕ್ಕಳನ್ನು ಪೊಲೀಸರು ವಿಚಾರಿಸುವ ರೀತಿಯ ಬಗ್ಗೆಯೇ ನನ್ನ ಪಿಎಚ್.ಡಿ. ಅಲ್ಲವೇ? ಇನ್ಸ್‌ಪೆಕ್ಟರ್ ತಾರಾನಾಥ ಶೆಟ್ಟರು ಕರೆಸಿ, "ನಿಮ್ಮ ಥೀಸಿಸ್ ಇಲ್ಲಿ ನಡೆಯುತ್ತದಾ ನೋಡುವ ಮಾರಾಯ್ರೆ" ಎಂದರು.

"ಖಾಕಿ ಬೇಡ, ಠಾಣೆಯೂ ಬೇಡ" ಎಂದೆ. ಉರ್ವದ ನಮ್ಮ ಮನೆಗೇ ಕರೆತಂದೆವು. ಶೆಟ್ಟರು ಪಂಚೆಯುಟ್ಟು ಜಗಲಿಯಲ್ಲೇ ಕೂತರು. ಅಮ್ಮ ಗಂಜಿ ಬಡಿಸಿದಳು. ನಾನು ಏನೂ ಕೇಳಲಿಲ್ಲ, ಪಕ್ಕದಲ್ಲಿ ಕೂತು ಉಂಡೆ. ಆಗ ಅಕ್ಕು ತಾನಾಗಿ ಹೇಳಿದಳು: "ತಂಗಿ ಕುಲಶೇಖರದಲ್ಲಿದ್ದಾಳೆ ಅಕ್ಕಾ. ನಾನು ಬಾಯಿ ಬಿಟ್ಟರೆ ಅವಳಿಗೆ ಹೊಡೆಯುತ್ತಾರಂತೆ."

ಸಂಜೆಯೊಳಗೆ ತಂಗಿ ಸಿಕ್ಕಳು, ಮಾರಿದವನೂ ಸಿಕ್ಕಿಬಿದ್ದ. ಅಕ್ಕತಂಗಿಯರು ತಬ್ಬಿಕೊಂಡಾಗ ನಾನು ಕುಣಿಯುವುದೊಂದು ಬಾಕಿ!

"ಇದನ್ನೆಲ್ಲ ಯಾವ ಪ್ರೊಫೆಸರ್ ಕಲಿಸಿದ್ದು?" ಶೆಟ್ಟರು ಕೇಳಿದರು.

"ನಮ್ಮ ಅಪ್ಪ. ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಠಾಣೆಗೆ ಮಕ್ಕಳು ಬಂದರೆ ಟೊಪ್ಪಿ ತೆಗೆದಿಟ್ಟು ನೆಲದಲ್ಲಿ ಕೂರುತ್ತಿದ್ದರು" ಎಂದೆ.

ಥೀಸಿಸ್‌ಗೆಂದು ಊರಿನ ಪೊಲೀಸರನ್ನೆಲ್ಲ ಮಾತಾಡಿಸಿದ್ದೇನೆ ಅಪ್ಪಾ. ಮನೆಯಲ್ಲೇ ಇದ್ದೀರಲ್ಲ ಎಂದು ನಿಮ್ಮನ್ನು ಕೊನೆಗೆ ಇಟ್ಟುಕೊಂಡಿದ್ದೆ.

ನಿಮ್ಮ ಶಶಿಪ್ರಭಾ