ಎರಡನೇ ಬ್ರೇಕ್

ಗುರುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತೂವರೆ

ಮುದ್ದು ಪುಟ್ಟಿ,

ಅಮ್ಮನ ಅಕ್ಷರ ನೋಡಿ ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಮಂಡಿನೋವೇ ಇಲ್ಲ ಎನ್ನುವ ಅವರ ಹಟವೂ ಹಾಗೇ ಇದೆ. ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದು ನೀನು ಕೇಳುತ್ತೀಯ. ನಮ್ಮ ಫೋನಿನ ಮಾತು ನಿನಗೂ ಗೊತ್ತು. ಊಟ ಆಯಿತಾ, ಆಯಿತು. ಕೆಲಸ ಹೇಗಿದೆ, ಇದೆ. ಸರಿ ಇಡಲಾ, ಇಡು. ಹದಿನಾಲ್ಕು ವರ್ಷದಿಂದ ಅಷ್ಟರಲ್ಲೇ ಮುಗಿಸುತ್ತಿದ್ದೇವೆ. ಈಗ ನಾನು ಹೇಳಬೇಕಾಗಿರುವುದು ಅಷ್ಟರಲ್ಲಿ ಹಿಡಿಸುವುದಿಲ್ಲ.

ಮೊದಲು ಸಿಹಿ ಸುದ್ದಿ. ನಮ್ಮ ಡ್ರೈವಿಂಗ್ ಸ್ಕೂಲಿನ ಹೊಸ ಎಲೆಕ್ಟ್ರಿಕ್ ಕಾರು ರಿಪೇರಿಯಾಗಿ ವಾಪಸ್ ಬಂತು. ಈ ಮಾದರಿಯ ಗಾಡಿಗಳನ್ನೆಲ್ಲ ಸುರಕ್ಷತೆಯ ಕಾರಣಕ್ಕೆ ವಾಪಸ್ ಕರೆಸಿಕೊಳ್ಳುತ್ತಿದ್ದೇವೆ, ಸರ್ವಿಸ್ ಸೆಂಟರಿಗೆ ತನ್ನಿ ಎಂದು ನಿಮ್ಮ ಕಂಪನಿಯಿಂದ ಕಾಗದ ಬಂದಿತ್ತು. ಬ್ರೇಕನ್ನು ಆಳುವ ಯಾವುದೋ ಪುಟ್ಟ ಪೆಟ್ಟಿಗೆಯಂತೆ, ಅದನ್ನು ಬದಲಾಯಿಸಿದರು. ಸಾಫ್ಟ್‌ವೇರ್ ಹೊಸದಾಗಿ ಹಾಕಿದರು. ಎರಡು ದಿನ ಇಟ್ಟುಕೊಂಡು, ತೊಳೆದು ಒರೆಸಿ, ಮದುಮಗಳ ಹಾಗೆ ಕಳಿಸಿಕೊಟ್ಟಿದ್ದಾರೆ. ಇದರ ಹಿಂದೆ ಇರುವವಳು ನೀನು ಎಂದು ನನಗೆ ಗೊತ್ತು. ನಿನ್ನ ಕೆಲಸದ ವಿಷಯ ನೀನು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಗಾಡಿ ಕೊಂಡವರು ಬರೆಯುವ ದೂರುಗಳನ್ನು ಓದುವ ಕೆಲಸ ಎಂದಷ್ಟೇ ನಿಮ್ಮಪ್ಪ ಹೇಳಿದ್ದರು. ಅಷ್ಟು ಸಾಕಾಯಿತು ನನಗೆ ಪತ್ತೆ ಹಚ್ಚಲು.

ಟೈಲರಮ್ಮ ಎಂದು ಒಬ್ಬರು ನನ್ನ ಹತ್ತಿರ ಕಲಿಯಲು ಬರುತ್ತಿದ್ದರು. ಐವತ್ತೆರಡು ವಯಸ್ಸು. ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಕೊಡುತ್ತಾರೆ. ಇಷ್ಟು ದಿನ ಗಂಟು ಕಟ್ಟಿ ಆಟೋದಲ್ಲಿ ಸಾಗಿಸುತ್ತಿದ್ದರು. ಇನ್ನು ತಾನೇ ಗಾಡಿ ಓಡಿಸಿಕೊಂಡು ಹೋಗಬೇಕು ಎಂದು ಪಣ ತೊಟ್ಟು, ನಮ್ಮದೇ ಮಾದರಿಯ ಕಾರನ್ನು ಬುಕ್ ಮಾಡಿ, ಆಮೇಲೆ ಕಲಿಯಲು ಬಂದವರು. ಬೆಳಿಗ್ಗೆ ಆರೂವರೆಯ ಮೊದಲ ಕ್ಲಾಸು ಅವರದು.

ಎರಡನೇ ವಾರ ಅವರು ಒಂದು ಮಾತು ಶುರು ಮಾಡಿದರು. ಈ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಬ್ರೇಕ್ ತುಳಿಯದೆಯೇ ಗಾಡಿ ತಾನಾಗಿ ನಿಧಾನವಾಗುತ್ತದಲ್ಲ. “ಟೀಚರ್, ಹಂಪ್ ಹತ್ರ ಕಾಲೆತ್ತಿದ್ರೆ ನಿಧಾನ ಆಗ್ತಾ ಆಗ್ತಾ ಒಂದ್ಸಲ ಕೈ ಬಿಟ್ಬಿಡುತ್ತೆ. ಯಾರೋ ಹಿಂದಿನಿಂದ ನೂಕಿದ ಹಾಗೆ ಮುಂದಕ್ಕೆ ಜಾರುತ್ತೆ” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದ ಹನ್ನೊಂದು ಜನಕ್ಕೆ ಆಗದ್ದು ಇವರೊಬ್ಬರಿಗೇ ಏಕೆ ಆಗಬೇಕು? ತಮ್ಮ ಕಾಲಿನ ತಪ್ಪನ್ನು ಗಾಡಿಯ ತಲೆಗೆ ಕಟ್ಟುವವರನ್ನು ಮೂವತ್ತು ವರ್ಷದಿಂದ ನೋಡಿದ್ದೇನೆ. ಮೂರನೆಯ ಸಲ ಹೇಳಿದಾಗ ನನಗೆ ರೇಗಿಹೋಯಿತು. ಮುಂದಿನ ಕ್ಲಾಸಿನವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅವರೆದುರಿಗೇ, “ಜೀವನವಿಡೀ ಹೊಲಿಗೆ ಮಿಷನ್ ತುಳಿದ ಕಾಲಮ್ಮಾ ನಿಮ್ಮದು, ಅದಕ್ಕೆ ಸುಮ್ಮನಿರೋಕೆ ಬರಲ್ಲ” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕ ಹಾಗೆ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಆದರೂ ಅವರ ಬಾಯಿ ಮುಚ್ಚಿಸೋಣ ಎಂದು ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ, ನಿಮಗೇನನ್ನಿಸುತ್ತೆ ಮೇಡಂ ಎಂದು ನನ್ನನ್ನೇ ಕೇಳಿದ. ಗಾಡಿ ಚಿನ್ನದಂಥದು, ಕಲಿಯುವವರ ತಪ್ಪು ಎಂದೆ. ಚಾಲಕರ ತಪ್ಪು ಎಂದು ಬರೆದುಕೊಂಡು ದೂರನ್ನು ಮುಚ್ಚಿದ. ಮುಚ್ಚಿಸಿದವಳು ನಾನೇ, ಪುಟ್ಟಿ. ಮಾರನೆಯ ದಿನದಿಂದ ಟೈಲರಮ್ಮ ಕ್ಲಾಸಿಗೆ ಬರಲಿಲ್ಲ. ಹೋದರೆ ಹೋಗಲಿ ಎಂದುಕೊಂಡೆ.

ಅವರು ಸುಮ್ಮನಿರಲಿಲ್ಲ. ಅಳತೆ ಬರೆದುಕೊಳ್ಳುವ ಚೀಟಿಗಳಲ್ಲಿ ಅವರು ಎಲ್ಲವನ್ನೂ ಗುರುತು ಹಾಕಿಟ್ಟಿದ್ದರಂತೆ. ಯಾವ ದಿನ, ಎಷ್ಟು ಗಂಟೆ, ಎಷ್ಟನೇ ಹಂಪು, ಕಣ್ಣಳತೆಯಲ್ಲಿ ಎಷ್ಟು ಇಂಚು ಜಾರಿತು. ಎಂಟು ಚೀಟಿಗಳ ಫೋಟೋ ತೆಗೆದು ನೇರ ನಿಮ್ಮ ಕಂಪನಿಗೇ ಕಳಿಸಿಬಿಟ್ಟರು. ಗಾಡಿಯ ನಂಬರು ಹಾಕಿ, ನಮ್ಮ ಸ್ಕೂಲಿನ ಹೆಸರೂ ಹಾಕಿ. ಅದು ನಿನ್ನ ಮೇಜಿಗೆ ಬಂದಾಗ ನಿನಗೆ ಹೇಗಾಗಿರಬೇಕು ಎಂದು ಎಷ್ಟು ಸಲ ಯೋಚಿಸಿದ್ದೇನೋ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಟೈಲರಮ್ಮ ನನ್ನ ಆಫೀಸಿಗೆ ಬಂದರು. ನಾನು ರಸ್ತೆ ಚಿಹ್ನೆಗಳ ಚಾರ್ಟಿಗೆ ಗೋಂದು ಹಚ್ಚುತ್ತಿದ್ದೆ. ಕಂಪನಿಯಿಂದ ಒಬ್ಬ ಮೇಡಂ ಫೋನ್ ಮಾಡಿ ನಲವತ್ತು ನಿಮಿಷ ಮಾತಾಡಿದರು ಎಂದರು. ಕ್ಲಾಸು ಎಷ್ಟು ಹೊತ್ತಿಗೆ, ಆಗ ಬ್ಯಾಟರಿ ಎಷ್ಟು ತುಂಬಿರುತ್ತದೆ ಎಂದೆಲ್ಲ ಕೇಳಿದರಂತೆ. ಆಗ ನನಗೆ ಹೊಳೆಯಿತು. ಕಾಲೆತ್ತಿದಾಗ ಈ ಗಾಡಿ ನಿಧಾನವಾಗುವುದು ತನ್ನ ವೇಗವನ್ನು ಕರೆಂಟು ಮಾಡಿ ಬ್ಯಾಟರಿಗೆ ತುಂಬಿಕೊಳ್ಳುವುದರಿಂದ, ಬ್ಯಾಟರಿ ಭರ್ತಿಯಿದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ. ರಾತ್ರಿ ಚಾರ್ಜಿಗೆ ಹಾಕಿದ ಗಾಡಿ ಭರ್ತಿ ತುಂಬಿರುವುದು ಮೊದಲ ಕ್ಲಾಸಿಗೆ ಮಾತ್ರ! ಉಳಿದವರು ಕೂರುವ ಹೊತ್ತಿಗೆ ಅದು ಅಷ್ಟಿಷ್ಟು ಇಳಿದಿರುತ್ತದೆ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಿರಲಿಲ್ಲ.

ಆಮೇಲೆ ಆ ಮೇಡಂ ಇನ್ನೊಂದು ಕೇಳಿದರಂತೆ. “ಟೀಚರ್ ಪಕ್ಕದಲ್ಲಿ ಕೂತಾಗ ಅವರ ಬಲಗಾಲು ಎಲ್ಲಿರುತ್ತೆ?”

ನನ್ನ ಕೈಯಲ್ಲಿದ್ದ ಚಾರ್ಟು ಜಾರಿ ಬಿತ್ತು. ಕಲಿಸುವವರ ಬದಿಯಲ್ಲಿ ಎರಡನೇ ಬ್ರೇಕ್ ಇರುತ್ತದೆ ಎಂದು ಗೊತ್ತಿರುವವರು ನೂರು ಜನ ಇರಬಹುದು. ಆದರೆ ಅದರ ಮೇಲೆ ಅಮ್ಮನ ಕಾಲು ಅವಳಿಗೇ ಗೊತ್ತಿಲ್ಲದೆ ಆಡುತ್ತಿರುತ್ತದೆ ಎಂದು ಗೊತ್ತಿರುವುದು ಒಬ್ಬಳಿಗೇ. ಶಾಲೆ ಬಿಟ್ಟ ಮೇಲೆ ಆ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಎರಡು ಸೀಟಿನ ನಡುವೆ ತಲೆ ತೂರಿಸಿ, “ಅಮ್ಮಾ ನೀನು ಮತ್ತೆ ಒತ್ತಿದೆ, ಅಂಕಲ್ ಒತ್ತಲಿಲ್ಲ” ಎಂದು ನನ್ನ ಮಾನ ಕಳೆಯುತ್ತಿದ್ದವಳು. ಫೋನ್ ಇಡುವ ಮೊದಲು ಅವಳು ಟೈಲರಮ್ಮನನ್ನು, ಟೀಚರ್ ನಿಮ್ಮನ್ನು ಎಲ್ಲರೆದುರಿಗೆ ಬೈದರಾ ಎಂದು ಕೇಳಿದಳಂತೆ. ಹೌದು ಎಂದಾಗ, “ನೀವು ಹೇಳಿದ್ದನ್ನ ನಾನು ನಂಬ್ತೀನಿ” ಎಂದಳಂತೆ. ಎಂಥ ಒಳ್ಳೆ ಹುಡುಗಿ ಟೀಚರ್, ಯಾರು ಹೆತ್ತ ಮಗಳೋ ಎಂದರು ಟೈಲರಮ್ಮ. ನಾನು ಬಿದ್ದ ಚಾರ್ಟು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ, ಕಣ್ಣೊರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಭರ್ತಿ ಚಾರ್ಜ್ ಆದ ಗಾಡಿ ತೆಗೆದುಕೊಂಡು ಇಬ್ಬರೂ ಖಾಲಿ ಮೈದಾನಕ್ಕೆ ಹೋದೆವು. ಅದರ ಗೇಟಿನ ಒಳಗೆ ಒಂದು ಹಂಪ್ ಇದೆ. ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗಾಡಿ ನಿಲ್ಲಬೇಕಾದ ಕಡೆ ಗೆರೆ ಎಳೆದರು. ಆಮೇಲೆ ನನಗೆ ಆಜ್ಞೆ ಮಾಡಿದರು: “ಟೀಚರ್, ನೀವು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ.” ಅರವತ್ತು ದಾಟಿದ ಹೆಂಗಸು, ಈ ಮೈ ಹೊತ್ತುಕೊಂಡು, ಸೀಟ್ ಬೆಲ್ಟ್ ಕಟ್ಟಿ ಚಕ್ಕಳಮಕ್ಕಳ! ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಹಂಪ್ ಇಳಿಯುವಾಗ ಗಾಡಿ ಕೈ ಬಿಟ್ಟಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ನನ್ನ ಬಲಗಾಲು ತೊಡೆಯ ಕೆಳಗೇ ಒದ್ದಾಡಿತು, ಅದಕ್ಕೆ ಒತ್ತಲು ಏನೂ ಸಿಗಲಿಲ್ಲ. ಟೈಲರಮ್ಮ ಬ್ರೇಕ್ ತುಳಿದು ನಿಲ್ಲಿಸಿದರು. ಇಳಿದು, ಕೊರಳಲ್ಲಿದ್ದ ಟೇಪಿನಿಂದ ಗೆರೆಯಿಂದ ಚಕ್ರದವರೆಗೆ ಅಳೆದರು. “ನಲವತ್ತೆಂಟು ಇಂಚು, ಟೀಚರ್. ಒಂದು ಪ್ಯಾಂಟಿನ ಬಟ್ಟೆ” ಎಂದರು. ನಾನು ಗಾಡಿಯೊಳಗೇ ಕೂತಿದ್ದೆ. ಇಷ್ಟು ದಿನ ಗಾಡಿ ಜಾರಿದಾಗಲೆಲ್ಲ ನನ್ನ ಕಾಲೇ ಅದನ್ನು ಹಿಡಿದು ನಿಲ್ಲಿಸಿತ್ತು. ನಿಲ್ಲಿಸಿದ್ದು ನಾನು, ಗಾಡಿ ಸರಿಯಿದೆ ಎಂದು ಸಾಕ್ಷಿ ಹೇಳಿದವಳೂ ನಾನು.

ಟೈಲರಮ್ಮ ಬುಕ್ ಮಾಡಿದ ಗಾಡಿಯಲ್ಲಿ ಎರಡನೇ ಬ್ರೇಕ್ ಇರುವುದಿಲ್ಲ. ಪಕ್ಕದಲ್ಲಿ ನಾನೂ ಇರುವುದಿಲ್ಲ. ಅವರು ಹೋಗುವುದೆಲ್ಲ ಶಾಲೆಗಳಿಗೆ, ಬೆಳಿಗ್ಗೆ ಹೊತ್ತು, ಮನೆಯಲ್ಲಿ ಭರ್ತಿ ಚಾರ್ಜ್ ಮಾಡಿಕೊಂಡು. ಪ್ರತಿ ಶಾಲೆಯ ಮುಂದೆಯೂ ಒಂದು ಹಂಪ್, ಅದರ ಮುಂದೆ ರಸ್ತೆ ದಾಟುವ ಮಕ್ಕಳು. ನೀನು ಆ ಎಂಟು ಚೀಟಿಗಳನ್ನು ಪಕ್ಕಕ್ಕೆ ಸರಿಸಿದ್ದರೆ ಏನಾಗುತ್ತಿತ್ತೋ.

ನೀನು ಸರಿಸಲಿಲ್ಲ. ಗಾಡಿ ವಾಪಸ್ ತರಲು ಹೋದಾಗ ಅದೇ ಮೆಕ್ಯಾನಿಕ್ ಎಲ್ಲ ಹೇಳಿದ. ಬೇರೆ ಬೇರೆ ಕಡೆಯಿಂದ ಇಂಥವೇ ಮೂವತ್ತೇಳು ದೂರು ಬಂದಿದ್ದವಂತೆ, ಎಲ್ಲವನ್ನೂ ಚಾಲಕರ ತಪ್ಪು ಎಂದು ಮುಚ್ಚಿದ್ದರಂತೆ. ದೂರು ವಿಭಾಗದ ಒಬ್ಬ ಮೇಡಂ ಒಂದೊಂದನ್ನೂ ತೆಗೆಸಿ, ಮೂವತ್ತೇಳು ಜನಕ್ಕೂ ಫೋನ್ ಮಾಡಿ, ಆಗ ಬ್ಯಾಟರಿ ಎಷ್ಟಿತ್ತು ಎಂದು ಕೇಳಿದರಂತೆ. ಮೇಲಿನವರು ಸಾಕು ಬಿಡಮ್ಮ ಎಂದರೂ ಬಿಡಲಿಲ್ಲವಂತೆ. “ಭಾರೀ ಹಟಮಾರಿ ಅಂತೆ ಮೇಡಂ, ಯಾರ ಹತ್ರ ಕಲಿತಳೋ” ಎಂದ. ನಾನು ಎದೆಯುಬ್ಬಿಸಿಕೊಂಡು, “ಅವಳ ಅಪ್ಪನ ಹತ್ರ” ಎಂದೆ.

ಎಲ್ಲರೆದುರಿಗೆ ಬೈದವಳು ಎಲ್ಲರೆದುರಿಗೇ ಟೈಲರಮ್ಮನ ಕ್ಷಮೆ ಕೇಳಿದೆ. ಅವರು ಕೈ ಹಿಡಿದುಕೊಂಡು, ಹೋಗ್ಲಿ ಬಿಡಿ ಟೀಚರ್ ಎಂದರು. ಸೋಮವಾರ ಅವರಿಗೆ ಲೈಸೆನ್ಸ್ ಬಂತು. ಅವರ ಪರವಾಗಿ, ಅವರು ಹೋಗುವ ಶಾಲೆಗಳ ಮಕ್ಕಳ ಪರವಾಗಿ, ಮುಖ ನೋಡದ ಆ ಮೂವತ್ತೇಳು ಜನರ ಪರವಾಗಿ ನಿನಗೆ ಕೈ ಮುಗಿಯುತ್ತೇನೆ. ತಾಯಿ ಮಗಳಿಗೆ ಕೈ ಮುಗಿಯಬಾರದು ಎನ್ನಬೇಡ. ನನಗೆ ಮುಗಿಯಬೇಕು ಅನ್ನಿಸಿದೆ.

ಇನ್ನೊಂದು ಮಾತು ಉಳಿಯಿತು. ನಿನಗೆ ಹತ್ತೊಂಬತ್ತು ವಯಸ್ಸಾಗಿದ್ದಾಗ ನೀನು ಓಡಿಸುತ್ತಿದ್ದ ನಮ್ಮ ಹಳೆಯ ಕಾರು ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಹೋಗಿ ಗೋಡೆಗೆ ಬಡಿದು, ನಿನ್ನ ಕೈ ಮುರಿಯಿತು. ಬ್ರೇಕ್ ಹಿಡೀಲಿಲ್ಲಮ್ಮ ಎಂದು ನೀನು ಅಳುತ್ತಾ ಹೇಳಿದೆ. ಬ್ಯಾಂಡೇಜು ಹಾಕಿಸಿಕೊಂಡು ಬಂದ ನಿನ್ನನ್ನು ನನ್ನ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ, ಗಾಬರಿಯಾದವರು ಹೀಗೇ ಆಕ್ಸಿಲರೇಟರ್ ಒತ್ತಿ ಬ್ರೇಕನ್ನು ದೂರುತ್ತಾರೆ ಎಂದು ಪಾಠ ಮಾಡಿದೆ. ಆಮೇಲೆ ನೀನು ಸ್ಟೇರಿಂಗ್ ಮುಟ್ಟಲಿಲ್ಲ. ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲೂ ಇಲ್ಲ. ಅವತ್ತು ನಾನು ನಿನ್ನನ್ನು ನಂಬಲಿಲ್ಲ. ಕ್ಷಮಿಸು ಪುಟ್ಟಿ. ನಿನ್ನ ಮಾತನ್ನು ಯಾರೂ ನಂಬದ ಆ ದಿನವನ್ನು ಇಟ್ಟುಕೊಂಡೇ ನೀನು ಅಪರಿಚಿತರ ಮಾತನ್ನು ನಂಬಲು ಕಲಿತೆಯೇನೋ ಎಂದು ನಿಮ್ಮಪ್ಪ ಹೇಳುತ್ತಾರೆ. ಅವರು ಹೇಳುವುದರಲ್ಲಿ ವರ್ಷಕ್ಕೆ ಒಂದು ನಿಜವಾಗಿರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಡುವಾದಾಗ ಬಾ. ಬಸ್ಸಿನಲ್ಲೇ ಬಾ, ಪರವಾಗಿಲ್ಲ, ನಿಲ್ದಾಣಕ್ಕೆ ನಾನು ಬರುತ್ತೇನೆ.

ನಿನ್ನಿಂದ ಈ ವಯಸ್ಸಿನಲ್ಲಿ ಪಾಠ ಕಲಿತ,
ಅಮ್ಮ

ತಾಜಾ ಕಲಂ: ನಿನ್ನೆಯೇ ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಕೈ ಬರಲಿಲ್ಲ. ನಂಬಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಆ ದಿನದ ಮಟ್ಟಿಗೆ ಮಾತ್ರ ನಿಜ. ಮಾರನೆಯ ದಿನ, ನಮ್ಮ ಗಾಡಿ ರಿಪೇರಿ ಮಾಡುತ್ತಿದ್ದ ಗ್ಯಾರೇಜಿನ ಮಾವ ಆ ಕಾರಿನ ಅಡಿಯಿಂದ ಬ್ರೇಕ್ ಆಯಿಲಿನ ಪೈಪು ಬಿಚ್ಚಿ ತಂದು ನನ್ನ ಕೈಗಿಟ್ಟರು. ಅದು ಸೀಳಿತ್ತು. ಅದನ್ನು ಬದಲಾಯಿಸಬೇಕು ಎಂದು ಅವರು ಒಂದು ತಿಂಗಳ ಮೊದಲೇ ಹೇಳಿದ್ದರು, ನಾನು ನಾಳೆ ನಾಳೆ ಎಂದು ಮುಂದೂಡಿದ್ದೆ. ಒಪ್ಪಿಕೊಂಡರೆ ಮಗಳ ಕೈ ಮುರಿದವಳು ನಾನೇ ಎಂದು ನಿನ್ನ ಮುಖ ನೋಡಿ ಹೇಳಬೇಕಿತ್ತು. ಅದಕ್ಕೆ ಅವರ ಬಾಯಿ ಮುಚ್ಚಿಸಿದೆ. ಇವತ್ತು ಬೆಳಿಗ್ಗೆ ಅವರ ಗ್ಯಾರೇಜಿಗೆ ಹೋಗಿ, ಇನ್ನು ನನಗಾಗಿ ಮುಚ್ಚಿಡಬೇಡಿ ಎಂದು ಹೇಳಿ ಬಂದಿದ್ದೇನೆ. ನೀನು ಬ್ರೇಕ್ ಒತ್ತಿದ್ದೆ. ಅದು ಹಿಡಿಯಲಿಲ್ಲ. ಹದಿನಾಲ್ಕು ವರ್ಷದಿಂದ ನನಗೆ ಇದು ಗೊತ್ತಿತ್ತು, ಮಗಳೇ.