ಎಲ್ಲೆಗಲ್ಲಿಗೆ ತಗುಲಿದ ಕೊನೆಯ ತಲೆ

ಎಲ್ಡರ್‌ವೆಲ್, ಹೆರಿಫರ್ಡ್ ಸೀಮೆ
ಮೇ ತಿಂಗಳು

ಪ್ರೀತಿಯ ಕ್ಲೆಮ್ ಅಣ್ಣನಿಗೆ,

ಈ ಕಾಗದವನ್ನು ಬೆರಿಲ್ ಅತ್ತಿಗೆ ನಿನಗೆ ಓದಿ ಹೇಳುತ್ತಾಳೆ. ಆಗ ನೀನು ಕಿಟಕಿಯಾಚೆ ನೋಡುತ್ತಾ ಕೂತರೂ ನನಗೆ ಬೇಸರವಿಲ್ಲ. ಚಿಕ್ಕಂದಿನಲ್ಲೂ ನಾನು ಬಾಯಿ ತೆರೆದರೆ ನೀನು ಬೇರೆ ಕಡೆಯೇ ನೋಡುತ್ತಿದ್ದೆ. ವಿಷಯ ಇಷ್ಟು: ಬಡವರ ಹುಲ್ಲುಗಾವಲು ಊರಿಗೇ ಉಳಿಯಿತು. ಉಳಿಸಿದವನು ನೀನು.

ಅಪ್ಪ ಕುರಿ ಮೇಯಿಸುತ್ತಿದ್ದ ಆ ಊರೊಟ್ಟಿನ ಹುಲ್ಲುಗಾವಲಿನಲ್ಲೇ ಈಗ ನನ್ನ ಕುರಿಗಳೂ ಮೇಯುತ್ತವೆ. ನನಗೆ ಬೇರೆ ನೆಲವಿಲ್ಲ. ಅದು ಕೈತಪ್ಪಿದರೆ ಕುರಿಗಳನ್ನು ಮಾರಿ, ಮಗಳ ಮನೆಯ ಮೇಲಿನ ಕೋಣೆಯಲ್ಲಿ ಟೀವಿ ನೋಡುತ್ತಾ ಕೂರಬೇಕಿತ್ತು. ಹೋದ ವರ್ಷ ಪಕ್ಕದ ಫಾರ್ಮನ್ನು ಹ್ಯಾಲಮ್ ಎಂಬವರು ಕೊಂಡರು. ಕೆಟ್ಟ ಮನುಷ್ಯರಲ್ಲ. ತಮ್ಮ ನೆಲ ಹುಲ್ಲುಗಾವಲಿನಂಚಿನ ಒರತೆಯ ಈಚೆಯವರೆಗೂ ಇದೆ ಎಂದು ಹುಲ್ಲುಗಾವಲನ್ನು ಸೇರಿಸಿ ತಂತಿಬೇಲಿ ಎಳೆಸಿದರು. ನಾವು ಕೂಗಾಡಿದೆವು. ಅವರು ಊರ ಸಭೆಗೆ ಬಂದು, ಒರತೆಯ ಹತ್ತಿರದ ಊರಿನ ಎಲ್ಲೆಗಲ್ಲನ್ನು ತೋರಿಸಿದರೆ ಅದೇ ದಿನ ಬೇಲಿ ಕೀಳಿಸುತ್ತೇನೆ, ಇಲ್ಲದಿದ್ದರೆ ನೀವು ಸುಮ್ಮನಾಗಬೇಕು ಎಂದರು. ನ್ಯಾಯದ ಮಾತೇ.

ಕಲ್ಲು ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಟ್ರ್ಯಾಕ್ಟರುಗಳು ಬಂದ ಕಾಲದಲ್ಲಿ ಅಲ್ಲಿನ ಹಳೆಯ ಬೇಲಿಸಾಲನ್ನು ಕಿತ್ತುಹಾಕಿದ್ದರು. ಕಲ್ಲು ಹುಲ್ಲಿನಡಿ ಹೂತುಹೋಗಿತ್ತು. ಆದರೆ ನಮ್ಮೂರಿನಲ್ಲಿ ಗೊತ್ತಿಲ್ಲ ಅನ್ನುವವರು ಯಾರಿದ್ದಾರೆ ಹೇಳು? ನಿನ್ನ ಜೊತೆ ಶಾಲೆಗೆ ಬರುತ್ತಿದ್ದ ಲೆನ್ ಸ್ಟಕ್ಲಿ ಊರುಗೋಲಿನಿಂದ ನೆಲ ಕುಟ್ಟಿ, "ಇಲ್ಲೇ ಕಣೇ ವಿನ್ನಿ, ಈ ಮುಳ್ಳಿನ ಮರದ ಬುಡದಲ್ಲೇ. ಅದರ ಮೇಲೆ ಕೂತು ಬ್ರೆಡ್ಡು ತಿಂದಿದೀನಿ ನಾನು," ಎಂದ. ಅಂಚೆಮನೆಯ ಹಿಲ್ಡಾ ಪರ್ಚಸ್ ಬಿಟ್ಟಾಳೆಯೇ? "ನೀನು ಕೂತಿದ್ದು ಯಾವುದೋ ಮಲಗಿದ್ದ ಕುರಿ ಮೇಲಿರಬೇಕು, ಬಿಡೋ. ಕಲ್ಲು ಇದ್ದಿದ್ದು ಗೇಟಿನ ಹತ್ರ." ಇಬ್ಬರ ಮಾತನ್ನೂ ನಂಬಿ ಎರಡು ಕಡೆಯೂ ಅಗೆದೆವು. ತಳವಿಲ್ಲದ ಒಂದು ಕೆಟಲ್ ಸಿಕ್ಕಿತು. ಅದು ತನ್ನ ಅಜ್ಜಿಯದು ಎಂದು ಹಿಲ್ಡಾ ಮನೆಗೆ ತೆಗೆದುಕೊಂಡು ಹೋದಳು.

ನಮ್ಮೂರು ನಕ್ಷೆಯನ್ನು ನಂಬಿದ ಊರಲ್ಲ, ತಲೆಯನ್ನು ನಂಬಿದ ಊರು. ಬೆರಿಲ್ ಅತ್ತಿಗೆಗೆ ಇದನ್ನು ನೀನು ಹೇಳಿರಲಾರೆ, ಅವಳಿಗಾಗಿ ಬರೆಯುತ್ತೇನೆ. ವಸಂತದಲ್ಲಿ ಒಂದು ದಿನ ಪಾದ್ರಿಗಳು ಮುಂದೆ, ಊರೆಲ್ಲ ಹಿಂದೆ, ಸಿಪ್ಪೆ ಸುಲಿದ ಕೋಲು ಹಿಡಿದು ಊರಿನ ಎಲ್ಲೆ ಸುತ್ತುತ್ತಿದ್ದೆವು. ಪ್ರತಿ ಕಲ್ಲಿನ ಬಳಿಯೂ ಒಬ್ಬ ಹುಡುಗನನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿ, ಅವನ ನೆತ್ತಿಯನ್ನು ಕಲ್ಲಿಗೆ ಮೆಲ್ಲಗೆ ತಾಗಿಸುತ್ತಿದ್ದರು. ಆ ಕಲ್ಲು ಎಲ್ಲಿದೆ ಎಂಬುದನ್ನು ಸಾಯುವವರೆಗೂ ನೆನಪಿಡುವ ಕೆಲಸ ಅವನದು. ಆಮೇಲೆ ಅವನಿಗೊಂದು ಸಿಹಿ ಬನ್ನು. ಹೆಣ್ಣುಮಕ್ಕಳ ತಲೆ ಎಲ್ಲೆಗೆ ಬೇಕಾಗಿರಲಿಲ್ಲ. ನಾವು ಬನ್ನಿನ ಬುಟ್ಟಿ ಹೊತ್ತು ಕೊನೆಯಲ್ಲಿ ಬರುತ್ತಿದ್ದೆವು.

ಆ ವರ್ಷ ಒರತೆಯ ಕಲ್ಲು ನಿನ್ನ ಪಾಲಿಗೆ ಬಂದಿತ್ತು. ಕುರಿ ಕಾಯುವುದಿಲ್ಲ, ಹಡಗು ಹತ್ತುತ್ತೇನೆ ಎಂದು ನೀನು ಅವತ್ತು ಬೆಳಿಗ್ಗೆ ತಿಂಡಿ ತಿನ್ನುವಾಗ ಅಪ್ಪನಿಗೆ ಹೇಳಿದ್ದೆ. ಅಪ್ಪ ಕೋಲು ಸುಲಿಯಲು ಎದ್ದು ಹೋದ. ಕಲ್ಲಿನ ಬಳಿ ಬಂದಾಗ, "ನನ್ನ ಮಗನ್ನ ನಾನೇ ಎತ್ತುತೀನಿ," ಎಂದು ಎಲ್ಲರನ್ನೂ ಸರಿಸಿದ. ನಾನು ಜನರ ಬೆನ್ನ ಹಿಂದಿದ್ದೆ. ಸದ್ದು ಮಾತ್ರ ಕೇಳಿಸಿತು. "ಈಗ ಮರೆತು ನೋಡೋ, ಹಡಗಿನವನೇ," ಎಂದ ಅಪ್ಪ. ತಮಾಷೆ ಅಂದುಕೊಂಡು ಕೆಲವರು ನಕ್ಕರು. ರಕ್ತ ಕಂಡ ಮೇಲೆ ನಗು ನಿಂತಿತು. ನೀನು ಅಳಲಿಲ್ಲ. "ಮರೀತೀನಿ. ಈ ಕಲ್ಲನ್ನೂ ಮರೀತೀನಿ, ನಿನ್ನನ್ನೂ ಮರೀತೀನಿ," ಎಂದೆ. ಪಾದ್ರಿಗಳು ಮರುವರ್ಷದಿಂದ ಆ ಪದ್ಧತಿಯನ್ನೇ ನಿಲ್ಲಿಸಿದರು. ಹಾಗಾಗಿ ಆ ಕಲ್ಲಿಗೆ ತಗುಲಿದ ಕೊನೆಯ ತಲೆ ನಿನ್ನದು.

ನೀನು ಟ್ಯಾಸ್ಮೇನಿಯಾಕ್ಕೆ ಹೋದೆ. ಅಪ್ಪ ಸತ್ತಾಗಲೂ ಬರಲಿಲ್ಲ. ಅದಕ್ಕೆ ನಾನು ನಿನ್ನನ್ನು ದೂರಿದ್ದಿಲ್ಲ, ಅಪ್ಪನನ್ನೂ ದೂರಿದ್ದಿಲ್ಲ. ಕ್ರಿಸ್‌ಮಸ್ಸಿಗೆ ಅತ್ತಿಗೆಯ ಕೈಬರಹದಲ್ಲಿ ಕಾರ್ಡು ಬರುತ್ತಿತ್ತು, ಅದರಲ್ಲೇ ನೀನು ಚೆನ್ನಾಗಿದ್ದೀಯ ಅಂದುಕೊಳ್ಳುತ್ತಿದ್ದೆ.

ಕೆಟಲ್ ಸಿಕ್ಕ ಮೇಲೆ ಬೇರೆ ದಾರಿಯಿಲ್ಲದೆ ಫೋನ್ ಮಾಡಿದೆ. ಅತ್ತಿಗೆ ಎತ್ತಿಕೊಂಡಳು. "ವಿನ್ನಿ, ಅವರು ಮೊದಲಿನ ಹಾಗಿಲ್ಲ ಕಣಮ್ಮ. ನನ್ನನ್ನೇ ನರ್ಸು ಅಂದ್ಕೋತಾರೆ," ಎಂದಳು. ಆದರೂ ಕೇಳಿ ನೋಡೋಣ ಎಂದು ಒರತೆಯ ಕಲ್ಲಿನ ಬಗ್ಗೆ ನಿನ್ನನ್ನು ಕೇಳಿದಳು. ನಿನ್ನ ದನಿ ಎಷ್ಟೋ ವರ್ಷಗಳ ಮೇಲೆ ನನ್ನ ಕಿವಿಗೆ ಬಿತ್ತು. ಒಂದು ಕ್ಷಣವೂ ತಡೆಯಲಿಲ್ಲ ನೀನು. "ಒರತೆ ನೀರು ತಿರುಗತ್ತಲ್ಲ, ಅದರ ಮೇಲ್ಗಡೆ. ಚರ್ಚಿನ ಗೋಪುರ ತಲೆಕೆಳಗಾಗಿತ್ತು, ಬಾರ್ಟನ್ ಕಣಜದ ಎರಡು ಸೂರಿನ ಮಧ್ಯೆ. ಕಾಲು ಬಿಡೋ ಮುದುಕಾ, ಕಾಲು ಬಿಡು!" ಅತ್ತಿಗೆ ನಿನ್ನ ಕೈ ಹಿಡಿದುಕೊಂಡಿದ್ದಳಂತೆ. ಆ ಕೈ ನೆತ್ತಿಗೆ ಹೋಯಿತಂತೆ.

ನಿಂತು ನೋಡಿದರೆ ಗೋಪುರ ಎಲ್ಲಿಂದಲೂ ಕಾಣುತ್ತದೆ. ಆದರೆ ಹುಡುಗನ ತಲೆ ಇದ್ದದ್ದು ನೆಲದ ಮಟ್ಟದಲ್ಲಿ; ಅಷ್ಟು ಕೆಳಗಿಂದ ಅದು ಬಾರ್ಟನ್ ಕಣಜದ ಜೋಡಿ ಸೂರುಗಳ ಸಂದಿಯಲ್ಲಿ ಕಾಣುವ ಜಾಗ ಒಂದೇ. ಹಾಗಾಗಿ ನಾವು ಮುದುಕರೆಲ್ಲ ನೀರಿನ ತಿರುವಿನ ಮೇಲೆ ಸಾಲಾಗಿ ಬಗ್ಗಿ, ಕಾಲುಗಳ ಸಂದಿಯಿಂದ ಚರ್ಚು ಹುಡುಕಿದೆವು. ಬಗ್ಗಿದ ಲೆನ್ ಮೇಲೇಳಲಾರದೆ ಬೈದಾಡಿದ. ಹ್ಯಾಲಮ್ ಕೂಡ ಒಳ್ಳೆಯ ಪ್ಯಾಂಟಿನ ಮೊಣಕಾಲು ಮಣ್ಣು ಮಾಡಿಕೊಂಡರು. "ಇಲ್ಲಿಂದ ಕಾಣ್ತಿದೆ, ಎರಡು ಸೂರಿನ ಮಧ್ಯೆ!" ಎಂದು ಕೂಗಿದವರೂ ಅವರೇ. ಗುದ್ದಲಿ ಎರಡು ಸಲ ಬೀಳುವಷ್ಟರಲ್ಲಿ ಕಲ್ಲಿಗೆ ತಾಗಿತು. ಅವತ್ತೇ ಬೇಲಿ ಕೀಳಿಸಿದರು.

ಎಲ್ಲರೂ ಅಪ್ಪನನ್ನು ಹೊಗಳಿದರು. "ಆಂಬ್ರೋಸ್ ಟಕರ್‌ಗೆ ತನ್ನ ಕೆಲಸ ಗೊತ್ತಿತ್ತು," ಎಂದ ಲೆನ್. ನಾನು ಕುರಿಗಳನ್ನು ಅಟ್ಟಿಕೊಂಡು ಹೊರಟೆ. ಅವು ಹುಲ್ಲುಗಾವಲಿಗೆ ಇಳಿದವು, ಅಷ್ಟು ಸಾಕು ನನಗೆ ಎಂದುಕೊಂಡೆ.

ಸಾಕಾಗಲಿಲ್ಲ. ಮರುದಿನ ಅತ್ತಿಗೆಗೆ ಸುದ್ದಿ ಹೇಳಲು ಫೋನ್ ಮಾಡಿದಾಗ, ಇದನ್ನೆಲ್ಲ ಕೇಳಿದ್ದು ನಿನ್ನ ತಂಗಿ ವಿನ್ನಿ ಎಂದು ನಿನಗೆ ಹೇಳುವಂತೆ ಬೇಡಿಕೊಂಡೆ. ಅವಳು ಹೇಳಿದಳು. ನೀನು ಬಹಳ ಮರ್ಯಾದೆಯಿಂದ, "ಯಾರು ವಿನ್ನಿ? ನನಗೆ ತಂಗಿ ಇದ್ದ ನೆನಪಿಲ್ಲ," ಎಂದೆ.

ಅವತ್ತಿನಿಂದ ನನಗೆ ಆ ಕಲ್ಲಿನ ಮೇಲೆ ಹೊಟ್ಟೆಕಿಚ್ಚು, ಅಣ್ಣ. ಬುಟ್ಟಿಯಿಂದ ನಾನು ಪ್ರತಿ ವರ್ಷ ನಿನಗೆ ಒಂದು ಬನ್ನು ಹೆಚ್ಚಿಗೆ ಕೊಟ್ಟಿದ್ದರೂ ನಿನ್ನ ತಲೆಯಲ್ಲಿ ನಾನು ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ. ನಾನು ನಿನಗೆ ಯಾವತ್ತೂ ನೋವು ಮಾಡಲಿಲ್ಲವಲ್ಲ.

ಊರಿಗೆ ನಿನ್ನ ನೆನಪು ಇನ್ನು ಬೇಕಾಗಿಲ್ಲ. ಕಲ್ಲು ಮೇಲೆ ಬಂದಿದೆ, ಎಲ್ಲರೂ ನೋಡಿದ್ದಾರೆ. ಅಪ್ಪನ ಕೈಯನ್ನೂ ಆ ಸದ್ದನ್ನೂ ಮರೆತುಬಿಡು. ದೇವರು ನಿನಗೆ ಅಷ್ಟು ಮರೆವನ್ನು ಧಾರಾಳವಾಗಿ ಕೊಡಲಿ, ನನ್ನನ್ನೂ ಅದರ ಜೊತೆಗೇ ತೆಗೆದುಕೊಂಡು ಹೋದರೂ ಚಿಂತೆಯಿಲ್ಲ.

ನಿನಗೆ ತಂಗಿ ಇದ್ದಳು. ಇದ್ದಾಳೆ.

ವಿನ್ನಿ